ಸದ್ದಕ್ಕನ ಮರಳುಮೂಟೆ

ನಮ್ಮ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಸದ್ದಕ್ಕ ಎಂದೇ. ಸಿನಿಮಾದಲ್ಲಿ, ವಿಡಿಯೋ ಗೇಮಿನಲ್ಲಿ ಯಾರೇ ನಡೆಯಲಿ, ಬೀಳಲಿ, ಬಾಗಿಲು ಬಡಿಯಲಿ, ಆ ಸದ್ದು ಮಾಡುವವಳು ಅವಳು. ಮಳೆ ಬೇಕೆಂದರೆ ತಗಡಿನ ಮೇಲೆ ಅಕ್ಕಿ ಸುರಿದು, ಆಮೇಲೆ ಅದನ್ನೇ ಬಳಿದುಕೊಂಡು ಮನೆಗೆ ಒಯ್ಯುವ ಗಟ್ಟಿಗಿತ್ತಿ. ನಾನು ಗಾಜಿನ ಈಚೆ ಕೂತು ರೆಕಾರ್ಡ್ ಮಾಡುವವನು.

ಯುದ್ಧದ ಗೇಮಿನ ಕೆಲಸ ಬಂದರೆ ಕಂಪನಿಯವರದು ಒಂದೇ ರಾಗ. ಸೈನಿಕನೆಂದರೆ ಕಲ್ಲಿನಂಥ ಮುಖ, ಕಣ್ಣೀರೇ ಇಲ್ಲ. ಅವನು ಬಿದ್ದರೆ ಬೂಟು, ಬೆಲ್ಟು, ಕೊನೆಯುಸಿರು ಎಲ್ಲದರ ಸದ್ದೂ ಬೇಕು. ಅರಬನೆಂದರೆ ಗಡ್ಡ, ತಲೆಗೊಂದು ಬಟ್ಟೆ, ಒಂದು ಕೂಗು. ಬಿದ್ದಾಗ ಮರಳುಮೂಟೆ ದಢ್ ಎಂದರೆ ಮುಗಿಯಿತು. ಅವರೇನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಬೊಂಬೆಗಳೇ, ಹೆತ್ತವರಿಲ್ಲವೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಮಾತ್ರ "ಸುಮ್ನಿರೋ ಮಾರಾಯ, ಹೊಟ್ಟೆಪಾಡು" ಎಂದು ಮೂಟೆ ಎತ್ತಿಹಾಕುತ್ತಿದ್ದಳು.

ಅವಳ ತಮ್ಮ ಶಾಂತಿಪಾಲನಾ ಪಡೆಯ ಜೊತೆ ಅರಬರ ಮರಳುನಾಡಿನ ಯುದ್ಧಕ್ಕೆ ಹೋಗಿ ಬಂದ ಸೈನಿಕ. ಬಂದ ಮೇಲೆ ಮಾತೇ ಇಲ್ಲ. ಗೋಡೆ ನೋಡುತ್ತಾ ಕೂರುತ್ತಿದ್ದ, ಊಟಕ್ಕೆ ಕರೆದರೂ ಬೆಚ್ಚಿಬೀಳುತ್ತಿದ್ದ. "ಒಳಗಿರೋದನ್ನ ಒಂದ್ಸಲ ಕಕ್ಕಿಬಿಟ್ರೆ ನನ್ನ ತಮ್ಮ ನಂಗೆ ವಾಪಸ್ ಸಿಗ್ತಾನೆ" ಎನ್ನುತ್ತಿದ್ದಳು ಅಕ್ಕ. ಹೊಸ ಗೇಮಿಗೆ ಬೂಟಿನ ನಡಿಗೆ ಬೇಕೆಂದಾಗ ಅವನನ್ನೇ ಎಬ್ಬಿಸಿಕೊಂಡು ಬಂದಳು. ಪಾಪ, ಹೇಳಿದಷ್ಟು ನಡೆದ. ಆಮೇಲೆ ಅಕ್ಕ ಅರಬನ ಪಾಲಿನ ಮೂಟೆ ಕೆಡವಿದಳು.

"ಇಷ್ಟೇನಾ?" ಎಂದ ತಮ್ಮ.

ಎಷ್ಟೋ ತಿಂಗಳ ಮೇಲೆ ಅವನು ತಾನಾಗಿ ಆಡಿದ ಮಾತು. ಅಕ್ಕ ಹಿಗ್ಗಿಹೋದಳು. ಅವನ ಖುಷಿಗಾದರೂ ಇರಲಿ ಎಂದು ಮೂಟೆಯ ಸದ್ದಿಗೆ ತನ್ನದೇ ಒಂದು ಉಸಿರು ಸೇರಿಸಿದಳು. ಗೇಮಿನ ಕಂಪನಿಯಿಂದ ಬಂದಿದ್ದ ಮೇಲ್ವಿಚಾರಕ ಅದನ್ನು ಕೇಳಿ ಮುಖ ಸಿಂಡರಿಸಿದ.

"ಬೇಡಮ್ಮ, ತೆಗೀರಿ. ಶತ್ರು ಹಿಂಗೆಲ್ಲ ಉಸಿರಾಡಿದ್ರೆ ಆಡೋರು ಗುಂಡು ಹೊಡೆಯೋಕೆ ಹಿಂದೆಮುಂದೆ ನೋಡ್ತಾರೆ."

"ನಾನು ಹಿಂದೆಮುಂದೆ ನೋಡ್ಲಿಲ್ಲ ಸಾರ್," ಎಂದ ಮೂಲೆಯಲ್ಲಿ ನಿಂತಿದ್ದ ತಮ್ಮ.

ಅವನು ಮೈಕಿನ ಮುಂದೆ ಬಂದು ನಿಂತ. "ಅಕ್ಕಾ, ನೀನು ಮಾಡಿದ್ಯಲ್ಲ, ಅದು ಹಂಗಿರಲ್ಲ. ನಾನು ಹೊಡೆದ ಹುಡುಗನಿಗೆ ಗಡ್ಡನೂ ಬಂದಿರ್ಲಿಲ್ಲ. ಪಕ್ಕದಲ್ಲೇ ಕೂತಿದ್ದೆ, ತುಂಬ ಹೊತ್ತು."

ಆಮೇಲೆ ಆ ಉಸಿರನ್ನು ಅವನೇ ಮಾಡಿ ತೋರಿಸಿದ. ಎಳೆದು, ನಿಂತು, ಗೊರಗೊರ ಎಂದು ಮತ್ತೆ ಎಳೆದು. ಹೆಡ್‌ಫೋನಿನಲ್ಲಿ, ನನ್ನ ಕಿವಿಯೊಳಗೇ ಯಾರೋ ಸಾಯುತ್ತಿದ್ದರು. ಅವನು ಬಾಯಿ ಬಿಡಲಿ ಎಂದು ಅಷ್ಟು ದಿನ ಹಂಬಲಿಸಿದ ಅಕ್ಕ ಎರಡೂ ಕಿವಿ ಮುಚ್ಚಿಕೊಂಡು, "ಸಾಕು ಕಣೋ, ನನ್ನಪ್ಪಾ, ಸಾಕು" ಎಂದು ಅಳತೊಡಗಿದಳು.

ಅವನಿಗೆ ನಿಲ್ಲಿಸಲು ಆಗಲಿಲ್ಲ.