ಉತ್ತರಪಟ್ಟಿಯಲ್ಲಿದ್ದ ‘ವಿಚ್’

ಚಂದ್ರಾ ಲೇಔಟಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಒಂಬತ್ತನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಹೋದ ವರ್ಷದ ಅರ್ಧವಾರ್ಷಿಕ ಪರೀಕ್ಷೆ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆ. ‘ದ ಫ್ಯಾಮಿಲಿ... ಲಿವ್ ಅಪ್‌ಸ್ಟೇರ್ಸ್ ಆರ್ ಆಲ್ವೇಸ್ ಕ್ವಾರಲಿಂಗ್.’ ನಡುವೆ ಮನುಷ್ಯರಿಗೆ ಬಳಸುವ ‘ಹೂ’ ಬರಬೇಕೋ ವಸ್ತುಗಳಿಗೆ ಬಳಸುವ ‘ವಿಚ್’ ಬರಬೇಕೋ? ಶಾಲೆ ಕೊಟ್ಟ ಉತ್ತರಪಟ್ಟಿಯಲ್ಲಿ ‘ವಿಚ್’ ಇತ್ತು. ‘ಹೂ’ ಬರೆದವರಿಗೆಲ್ಲ ನಾನು ಕೆಂಪು ಗೆರೆ ಎಳೆದುಬಿಟ್ಟೆ.

ತಿದ್ದಿದ ಪತ್ರಿಕೆ ಹಂಚಿದಾಗ ರಾಯಚೂರು ಕಡೆಯಿಂದ ಬಂದು ಸೇರಿದ್ದ ಹುಡುಗಿ ಎದ್ದು ನಿಂತಳು.

“ಮಿಸ್, ಮ್ಯಾಲಿನ ಮನಿಯವರು ಅಂದ್ರ ಮಂದಿ ಅಲ್ಲೇನ್ರೀ?”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. “ಕೀ ಆನ್ಸರ್ ಹಾಗಿದೆ ಕಣೇ, ಕೂತ್ಕೋ” ಎಂದೆ.

ಮನೆಗೆ ಹೋಗುವ ಬಸ್ಸಿನಲ್ಲಿ ಪ್ರಶ್ನೆಯನ್ನು ಮತ್ತೆ ಓದಿದೆ. ‘ಲಿವ್’, ‘ಆರ್’, ಎರಡೂ ಬಹುವಚನ. ಮನೆಯವರೆಲ್ಲ ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದಾರೆ. ಅಲ್ಲಿಗೆ ‘ಹೂ’ ಅಲ್ಲದೆ ಇನ್ನೇನು? ‘ಲಿವ್ಸ್’, ‘ಈಸ್’ ಎಂದಿದ್ದರೆ ಇಡೀ ಕುಟುಂಬ ಒಂದೇ ಘಟಕವೆಂದು ‘ವಿಚ್’ ಹಾಕಬಹುದಿತ್ತು. ಇಷ್ಟು ವರ್ಷ ಇದನ್ನೇ ಪಾಠ ಮಾಡಿದವಳು ನಾನು!

ಮರುದಿನ ಪರೀಕ್ಷೆ ನೋಡಿಕೊಳ್ಳುವ ಮೇಡಂ ಹತ್ತಿರ ಹೋದೆ.

“ಮಾರ್ಕ್ಸ್ ಆ್ಯಪ್‌ಗೆ ಹಾಕಾಯ್ತು. ಅರ್ಧ ಮಾರ್ಕಿಗೆ ಯಾಕೆ ಇಷ್ಟು ರಾಮಾಯಣ?”

“ಉತ್ತರಪಟ್ಟಿನೇ ತಪ್ಪು ಮೇಡಂ.”

“ತಪ್ಪು ಅಂತ ಒಪ್ಕೊಂಡ್ರೆ ಪೇರೆಂಟ್ಸ್ ಸುಮ್ನಿರ್ತಾರಾ? ನೀವೂ ಸುಮ್ನಿರಿ.”

ನಾನು ಸುಮ್ಮನಿರಲಿಲ್ಲ. ತರಗತಿಗೆ ಹೋಗಿ ನನ್ನದೇ ತಪ್ಪೆಂದು ಹೇಳಿದೆ. ಎಲ್ಲರ ಪತ್ರಿಕೆ ವಾಪಸ್ ಪಡೆದು ‘ಹೂ’ ಮೇಲಿನ ಕೆಂಪು ಗೆರೆಯನ್ನು ಹೊಡೆದುಹಾಕಿ, ಅರ್ಧ ಅಂಕ ಕೊಟ್ಟು ಸಹಿ ಮಾಡಿದೆ. ಸಂಜೆಯೊಳಗೆ ನನಗೆ ಮೆಮೋ ಬಂತು. ಆ್ಯಪ್‌ನಲ್ಲಿ ಅಂಕ ಮಾತ್ರ ಬದಲಾಗಲಿಲ್ಲ.

ಪೋಷಕರ ಸಭೆಯ ದಿನ ಹುಡುಗಿಯ ಅಪ್ಪ ಬಂದರು. ಮಾರೇನಹಳ್ಳಿಯಲ್ಲಿ ಗಾರೆ ಕೆಲಸ ಮಾಡುವವರು. ನಾನು ಬಾಯಿ ತೆರೆಯುವ ಮೊದಲೇ ಕೈ ಮುಗಿದರು.

“ತಪ್ಪಾತ್ರೀ ಮೇಡಂ. ಹುಡುಗಿ ನಿಮಗ ಎದುರು ಮಾತಾಡ್ಯಾಳಂತ. ಮನ್ಯಾಗ ಬೈದೀನ್ರೀ.”

“ಅಯ್ಯೋ, ಬೈಬೇಡಿ! ಅವಳು ಹೇಳಿದ್ದೇ ಸರಿ. ತಪ್ಪು ಮಾಡಿದ್ದು ನಾನು.”

ಅವರು ನಂಬಲಿಲ್ಲ. ದೊಡ್ಡವರು ಸೌಜನ್ಯಕ್ಕೆ ಹಾಗೆ ಹೇಳುತ್ತಾರೆ ಎನ್ನುವಂತೆ ನಕ್ಕರು. ಪಕ್ಕದಲ್ಲಿ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಆಮೇಲೆ ಇಡೀ ವರ್ಷ ಅವಳು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಪರೀಕ್ಷೆಯ ಮೇಡಂ ಮೇಲಿನ ಸಿಟ್ಟು ಹೇಗೋ ಕರಗೀತು. ಅವತ್ತು ತರಗತಿಯ ಜೊತೆ ಸೇರಿ ನಕ್ಕೆನಲ್ಲ, ನನ್ನ ಮೇಲಿನ ಆ ಸಿಟ್ಟಿಗೆ ಏನು ಮಾಡಲಿ?