ಒಳ್ಳೆಮೆಣಸಿನ ಕಷಾಯ, ಪಿಯರ್ ಹಣ್ಣಿನ ನೀರು

ಈಗ ನಾವಿರುವ ಕೆನಡಾದ ವಿಟ್ಬಿಯ ಮನೆಯ ಹಿಂದೆ ಒಂದು ಮರವೂ ಇಲ್ಲ. ಬೇಲಿ ಇದೆ, ಹುಲ್ಲು ಇದೆ, ನಮ್ಮವರ ಬಾರ್ಬೆಕ್ಯೂ ಇದೆ. ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಅಂಗಡಿಯಲ್ಲಿ ಪಿಯರ್ ಹಣ್ಣು ರಾಶಿ ಬೀಳುತ್ತದೆ, ಒಂದೊಂದಕ್ಕೂ ಸ್ಟಿಕ್ಕರು ಅಂಟಿಸಿಕೊಂಡು. ಅದನ್ನು ಕಂಡಾಗಲೆಲ್ಲ ನನಗೆ ಸ್ಕಾರ್‌ಬರೋದ ಬಾಡಿಗೆ ಮನೆ, ಅಲ್ಲಿಯ ಹಿತ್ತಿಲಿನ ಪಿಯರ್ ಮರ, ಬೇಲಿಯಾಚೆಯ ಚೀನೀ ಆಂಟಿ, ಬೆಳಗಾಗೆದ್ದು ಅಮ್ಮನಿಗೆ ಮಾಡುತ್ತಿದ್ದ ಫೋನು ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ. ತಳ್ಳುಗಾಡಿ ಹಿಡಿದುಕೊಂಡು ಅಲ್ಲೇ ನಿಂತುಬಿಡುತ್ತೇನೆ. ಹಿಂದಿನವರು ಎಕ್ಸ್‌ಕ್ಯೂಸ್ ಮಿ ಅಂದ ಮೇಲೆಯೇ ಎಚ್ಚರ.

ನಾವು ಆ ಮನೆಗೆ ಹೋದದ್ದು ೨೦೧೫ರಲ್ಲಿ. ಗೋಡೆಗೆ ಗೋಡೆ ಅಂಟಿದ ಜೋಡಿ ಮನೆ, ಅದರಲ್ಲಿ ಅರ್ಧ ನಮ್ಮದು, ಇನ್ನರ್ಧ ಆಂಟಿಯ ಮಗನದು. ಮರದ ತುಂಬ ಹಣ್ಣಿತ್ತು, ಆದರೆ ಕಚ್ಚಿದರೆ ಹಲ್ಲು ಹೋಗಬೇಕು, ಅಷ್ಟು ಗಟ್ಟಿ. ಮನೆಯ ಓನರು, ಅದು ರಾತ್ರಿ ಕಸ ಕೆದಕಲು ಬರುವ ರಕೂನುಗಳಿಗೆ ಬಿಟ್ಟದ್ದು, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದಿದ್ದ. ಯಾರು ಕೇಳುತ್ತಾರೆ? ನಾನು ಮಂಗಳೂರಿನವಳು. ಹಸಿರಾಗಿ, ಗಟ್ಟಿಯಾಗಿ, ಮರದಲ್ಲಿ ಪುಕ್ಕಟೆ ನೇತಾಡುವ ಯಾವುದನ್ನು ಕಂಡರೂ ನಮ್ಮ ಕೈ ಉಪ್ಪಿನ ಭರಣಿಗೆ ಹೋಗುತ್ತದೆ. ಮಾವಿನಕಾಯಿಗೆ ಹಾಕುವ ಹಾಗೆಯೇ ಹೆಚ್ಚಿ, ಉಪ್ಪು ಬೆರೆಸಿ, ಸಾಸಿವೆ ಮೆಣಸು ಅರೆದು ಉಪ್ಪಿನಕಾಯಿ ಹಾಕಿದೆ.

ನಮ್ಮವರು ಮೈಸೂರಿನವರು. ಎಲ್ಲದಕ್ಕೂ ಒಂದು ಟೀಕೆ ಇರಲೇಬೇಕು. "ಪಿಯರ್ ಹಣ್ಣಿಗೆ ಉಪ್ಪಿನಕಾಯಿ ಹಾಕೋರನ್ನ ನಾನು ಎಲ್ಲೂ ನೋಡಿಲ್ಲ ಕಣೇ," ಎಂದರು.

"ಈಗ ನೋಡಿದ್ರಲ್ಲ. ಸುಮ್ಮನೆ ತಿನ್ನಿ," ಎಂದೆ.

ಅವರಿಗಿಂತ ದೊಡ್ಡ ಟೀಕೆ ಬಂದದ್ದು ಬೇಲಿಯಾಚೆಯಿಂದ. ಹಿತ್ತಿಲ ಕಡೆಯ ಮರದ ಜಗಲಿ, ಇಲ್ಲಿಯವರ ಡೆಕ್ಕಿನ ಮೇಲೆ ಕೂತು ಹೋಳುಗಳಿಗೆ ಮೆಣಸಿನ ಹುಡಿ ಕಲಸುತ್ತಿದ್ದೆ. ಆಂಟಿ ಕೈ ಹಿಂದೆ ಕಟ್ಟಿಕೊಂಡು ತಮ್ಮ ಅಂಗಳದಲ್ಲಿ ನಡೆಯುತ್ತಿದ್ದವರು ಗಕ್ಕನೆ ನಿಂತರು. ಕತ್ತರಿಸಿದ ಬಿಳಿ ಕೂದಲು, ಹತ್ತಿ ತುಂಬಿದ ಕೋಟು, ಇನ್ನೂ ಚಳಿಯೇ ಬಂದಿಲ್ಲ, ಆಗಲೇ ಕುತ್ತಿಗೆಗೆ ಸ್ಕಾರ್ಫು.

"ನೋ, ನೋ! ಫಾಲ್ ಟೈಮ್, ನೋ ಸ್ಪೈಸಿ!" ಎಂದು ಎದೆ ಬಡಿದುಕೊಂಡರು. "ಲಂಗ್! ಡ್ರೈ! ವೆರಿ ಡ್ರೈ! ಪಿಯರ್ ಗುಡ್, ಚಿಲ್ಲಿ ನೋ!"

ನನಗೆ ಮೈಯೆಲ್ಲ ಉರಿಯಿತು. ನನ್ನ ಮನೆ, ನನ್ನ ಮೆಣಸು, ನನ್ನ ಶ್ವಾಸಕೋಶ, ಇವರಿಗೇನು? ಆ ಸಿಟ್ಟಿಗೇ ಒಂದು ಬಾಟಲಿ ಉಪ್ಪಿನಕಾಯಿ ತುಂಬಿ ಅವರ ಕೈಗೆ ಕೊಟ್ಟುಬಂದೆ. ಮರುದಿನ ಬಾಟಲಿ ತೊಳೆದು ಫಳಫಳ ಮಾಡಿ, ಅದರ ತುಂಬ ಬಿಡಿಸಿದ ಚಕ್ಕೋತದ ತೊಳೆ ಹಾಕಿ ವಾಪಸು ತಂದುಕೊಟ್ಟರು. ನಮ್ಮ ಊರಿನಲ್ಲೂ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಆವತ್ತು ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಪ್ಪಿನಕಾಯಿ ಏನಾಯಿತು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನನಗೆ ಕೆನಡಾಕ್ಕೆ ಬಂದಾಗಿನಿಂದ ಫಾಲ್ ಎನ್ನುವ ಈ ಎಲೆ ಉದುರುವ ಕಾಲಕ್ಕೆ ಸರಿಯಾಗಿ ಕೆಮ್ಮು ಶುರುವಾಗುತ್ತಿತ್ತು. ಕೆಲಸ ಫಾರ್ಮಸಿಯ ಕೌಂಟರಿನಲ್ಲಿ. ಇಡೀ ದಿನ ಬೇರೆಯವರ ಕೆಮ್ಮಿಗೆ ಸಿರಪ್ಪು ಕೊಡುತ್ತಾ ನಾನೇ ಕೆಮ್ಮುತ್ತಿದ್ದೆ, ಗಿರಾಕಿಗಳು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮನೆಗೆ ಬಂದ ತಕ್ಷಣ ಕಷಾಯ. ಒಳ್ಳೆಮೆಣಸು (ನಮ್ಮವರ ಮೈಸೂರಿನಲ್ಲಿ ಕಾಳುಮೆಣಸು), ಶುಂಠಿ, ಜೀರಿಗೆ ಜಜ್ಜಿ ಹಾಕಿ ಕುದಿಸಿ, ಬೆಲ್ಲ ಹಾಕಿ, ಕಣ್ಣಲ್ಲಿ ನೀರು ಬರುವಷ್ಟು ಖಾರ ಮಾಡಿ ಕುಡಿಯುವುದು. ಅಮ್ಮ ಕಲಿಸಿದ ಮದ್ದು. ಆದರೆ ಅಮ್ಮನ ಮದ್ದು ಮಂಗಳೂರಿನ ಕೆಮ್ಮಿಗೆ ಹುಟ್ಟಿದ್ದು. ಅಲ್ಲಿಯ ಕೆಮ್ಮು ಮಳೆಗೆ ಬರುವಂಥದ್ದು, ಎದೆ ತುಂಬ ಕಫ. ಇಲ್ಲಿಯದು ಮನೆ ಬಿಸಿ ಮಾಡುವ ಫರ್ನೇಸು ಶುರುವಾದ ಕೂಡಲೇ ಬರುವ ಒಣ ಕೆಮ್ಮು, ಸಿಮೆಂಟಿನ ಅಂಗಳದಲ್ಲಿ ಒಣಗಿದ ತೆಂಗಿನ ಮಡಲು ಎಳೆದ ಹಾಗೆ. ಒಣಗಿದ್ದನ್ನು ನಾನು ಇನ್ನಷ್ಟು ಒಣಗಿಸುತ್ತಿದ್ದೆ ಎಂದು ಆಗ ಹೊಳೆಯಲೇ ಇಲ್ಲ. ಕಷಾಯದ ಘಾಟು ಹೋಗುತ್ತಿತ್ತೇನೋ, ಆಂಟಿ ಆಚೆಯಿಂದ ಗೋಡೆ ಕುಟ್ಟುತ್ತಿದ್ದರು.

ಹೀಗೇ ಎರಡು ವರ್ಷ ನಡೆಯಿತು. ೨೦೧೭ರಲ್ಲಿ ಮಾತ್ರ ಅದು ತಮಾಷೆಯಾಗಿ ಉಳಿಯಲಿಲ್ಲ.

ಅಮ್ಮ ಮಂಗಳೂರಿನಲ್ಲಿ ಅಣ್ಣ ಅತ್ತಿಗೆಯ ಜೊತೆ ಫ್ಲ್ಯಾಟಿನಲ್ಲಿದ್ದಳು. ಅವಳಿಗೆ ಮರೆವಿನ ಕಾಯಿಲೆ ಹಿಡಿದು ಕೆಲವು ಕಾಲವಾಗಿತ್ತು. ವೀಡಿಯೋ ಕಾಲಿನಲ್ಲಿ ನನ್ನ ಮುಖ ಕಂಡರೆ ಗುರುತು ಸಿಗುತ್ತಿರಲಿಲ್ಲ. ಅವಳ ಮನಸ್ಸಿನಲ್ಲಿದ್ದ ಮಗಳು ಎರಡು ಜಡೆಯವಳು, ಕಾಲೇಜಿಗೆ ಹೋಗುವವಳು. ಈ ಕನ್ನಡಕದ, ಗಿಡ್ಡ ಕೂದಲಿನ ಹೆಂಗಸು ಯಾರೋ. ಆದರೆ ದನಿ ಮಾತ್ರ ಗೊತ್ತಾಗುತ್ತಿತ್ತು. ಇಲ್ಲಿ ನಾನು ಕೆಲಸಕ್ಕೆ ಹೊರಡುವ ಮುಂಚೆ, ಅಲ್ಲಿ ದೀಪ ಹಚ್ಚಿದ ಮೇಲೆ, ಅತ್ತಿಗೆ ಫೋನನ್ನು ಅವಳ ಕಿವಿಗೆ ಹಿಡಿಯುತ್ತಿದ್ದಳು. "ಅಮ್ಮಾ" ಎಂದರೆ ಸಾಕು, "ಬಂದ್ಯಾ ಮಗಾ? ಕಾಫಿ ಕುಡಿದ್ಯಾ?" ಎನ್ನುತ್ತಿದ್ದಳು. ದಿನವೂ ಅದೇ ಪ್ರಶ್ನೆ. ಅದನ್ನು ಕೇಳಲಿಕ್ಕಾಗಿಯೇ ನಾನು ಏಳುತ್ತಿದ್ದೆ.

ಆ ವರ್ಷ ಅಕ್ಟೋಬರಿನಲ್ಲಿ ಕೆಮ್ಮಿ ಕೆಮ್ಮಿ ನನ್ನ ದನಿಯೇ ಹೋಯಿತು. ಉಳಿದದ್ದು ಗೊರಗೊರ ಎನ್ನುವ ಒಂದು ಗಂಡು ದನಿ.

"ಯಾರು ಮಾತಾಡುದು?" ಎಂದಳು ಅಮ್ಮ.

"ನಾನಮ್ಮಾ."

"ನಾನು ಅಂದ್ರೆ? ಗಂಡಸಾ, ಹೆಂಗಸಾ?"

ಅತ್ತಿಗೆ ನಕ್ಕಳು, ನಾನೂ ನಕ್ಕೆ. ಮರುದಿನ ಮತ್ತೆ ಮಾಡಿದೆ. ಈ ಸಲ ಅಮ್ಮ ಗಂಭೀರವಾಗಿ ಹೇಳಿದಳು, "ನೋಡಿ, ನೀವು ಈಗ ಫೋನ್ ಇಡಿ. ನನ್ನ ಮಗಳು ಮಾಡುವ ಹೊತ್ತು ಇದು. ಲೈನ್ ಸಿಗದಿದ್ರೆ ಅವಳಿಗೆ ಗಾಬರಿ ಆಗ್ತದೆ."

ಇಟ್ಟೆ. ಕೈಯಲ್ಲಿ ಫೋನು ಹಿಡಿದು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಆಮೇಲೂ ದಿನಾ ಮಾಡುತ್ತಿದ್ದೆ, ದಿನಾ ಬೈಸಿಕೊಂಡು ಇಡುತ್ತಿದ್ದೆ. ವಾಕ್-ಇನ್ ಕ್ಲಿನಿಕ್ಕಿನ ಡಾಕ್ಟರು ಗಂಟಲಿಗೆ ಟಾರ್ಚು ಹಾಕಿ ನೋಡಿ, ಇದಕ್ಕೆ ಮಾತ್ರೆಯೇನೂ ಬೇಡ, ಮಾತು ಕಡಿಮೆ ಮಾಡಿ, ತಾನಾಗಿ ಸರಿಹೋಗುತ್ತದೆ ಎಂದು ಕಳಿಸಿದರು. ಯಾವಾಗ? ಅದನ್ನು ಹೇಳಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ಮೆಲ್ಲಗೆ, "ನೀನು ಬೇಜಾರು ಮಾಡ್ಬೇಡ ಆಯ್ತಾ? ಈಗೀಗ ದೀಪ ಹಚ್ಚಿದ ಮೇಲೆ ನಿನ್ನನ್ನು ಕೇಳುದು ಕಡಿಮೆ ಮಾಡಿದ್ದಾರೆ," ಎಂದಳು. ಅಮ್ಮನ ನೆನಪಿನಲ್ಲಿ ನಾನು ಉಳಿದಿದ್ದದ್ದು ಆ ದನಿಯೊಂದರಲ್ಲಿ. ಅದು ಬರುವುದರೊಳಗೆ ಅವಳು ಅದನ್ನೂ ಮರೆತರೆ, ಆಮೇಲೆ ಎಷ್ಟು ಚೆಂದದ ದನಿ ಬಂದು ಏನು ಪ್ರಯೋಜನ?

ಆ ಶನಿವಾರ ಹಿತ್ತಿಲಿನಲ್ಲಿ ಎಲೆ ಗುಡಿಸಲು ಹೋದವಳು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬೇಲಿಯಾಚೆ ಸ್ಕಾರ್ಫು ಕಾಣಿಸಿತು.

"ಯೂ ಸ್ಯಾಡ್?" ಎಂದರು ಆಂಟಿ.

ಇದ್ದ ಗೊಗ್ಗರು ದನಿಯಲ್ಲೇ ಹೇಳಿದೆ. ನನ್ನ ತಾಯಿ, ತುಂಬ ದೂರ, ಎಲ್ಲ ಮರೆತಿದ್ದಾರೆ, ನನ್ನ ವಾಯ್ಸ್ ಮಾತ್ರ ಗೊತ್ತಿತ್ತು, ಈಗ ವಾಯ್ಸ್ ಇಲ್ಲ. ಅವರ ಇಂಗ್ಲಿಷೂ ಅಷ್ಟಕ್ಕಷ್ಟೆ, ನನ್ನ ದನಿಯೂ ಅಷ್ಟಕ್ಕಷ್ಟೆ. ಆದರೂ ಅವರಿಗೆ ಅರ್ಥವಾಯಿತು. ಉದುರಿದ ಎಲೆಗಳನ್ನು ತೋರಿಸಿದರು, ತಮ್ಮ ಎದೆ ಮುಟ್ಟಿಕೊಂಡರು, ನನ್ನ ಕೆನ್ನೆಯ ನೀರನ್ನು ತೋರಿಸಿದರು.

"ಫಾಲ್, ಲಂಗ್, ಸ್ಯಾಡ್. ಆಲ್ ಸೇಮ್ ಹೌಸ್," ಎಂದರು.

ಅವರ ವೈದ್ಯದಲ್ಲಿ ಒಂದೊಂದು ಕಾಲಕ್ಕೂ ದೇಹದ ಒಂದೊಂದು ಅಂಗವಂತೆ. ಎಲೆ ಉದುರುವ ಕಾಲ ಶ್ವಾಸಕೋಶದ್ದು. ದುಃಖವೂ ಅಲ್ಲೇ ವಾಸ. ಎರಡೂ ಕೂಡಿದರೆ ಎದೆ ಒಣಗುತ್ತದೆಯಂತೆ. ಇದನ್ನೆಲ್ಲ ಕೈಸನ್ನೆಯಲ್ಲಿ, ಅರೆಬರೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿ, ಗೇಟು ಸುತ್ತಿ ಬಂದು, ಸೀದಾ ನನ್ನ ಅಡುಗೆಮನೆಗೆ ನುಗ್ಗಿದರು. ಮಸಾಲೆ ಡಬ್ಬಿ ತೆರೆದು ಮೂಸಿದರು. ಒಳ್ಳೆಮೆಣಸಿನ ಬಾಟಲಿ, ಮೆಣಸಿನ ಹುಡಿ, ಒಣಶುಂಠಿ, ಮೂರನ್ನೂ ಕೋಟಿನ ಜೇಬಿಗೆ ಇಳಿಸಿ ತಗೊಂಡೇ ಹೋದರು!

ನಮ್ಮವರು ಸೋಫಾದಿಂದಲೇ, "ಏನೇ ಇದು, ಪೊಲೀಸ್ ರೈಡಾ?" ಎಂದರು.

ಆಂಟಿ ಮತ್ತೆ ಬಂದಾಗ ಕೈಯಲ್ಲಿ ಕಲ್ಲುಸಕ್ಕರೆಯ ಪೊಟ್ಟಣ, ಒಣಗಿದ ಬಿಳಿ ಅಣಬೆಯಂಥ ಏನೋ, ಇನ್ನೊಂದು ಸ್ಕಾರ್ಫು. ಸ್ಕಾರ್ಫು ನನ್ನ ಕುತ್ತಿಗೆಗೆ ಬಿತ್ತು. ಪಿಯರ್ ಹಣ್ಣಿನ ತಲೆ ಕೊಯ್ದು, ಬೀಜ ತೋಡಿ, ಕಲ್ಲುಸಕ್ಕರೆ, ಆ ಅಣಬೆಯ ಚೂರು ತುಂಬಿ, ಮತ್ತೆ ತಲೆ ಮುಚ್ಚಿ ಬಟ್ಟಲಲ್ಲಿಟ್ಟರು. ಹಬೆಯಲ್ಲಿ ಬೇಯಿಸಬೇಕು. ನಾನು ಇಡ್ಲಿ ಪಾತ್ರೆ ತೆಗೆದುಕೊಟ್ಟೆ, ಅದು ಅವರಿಗೆ ಬಹಳ ಹಿಡಿಸಿತು. ನಮ್ಮ ಹಿತ್ತಿಲಿನ ಆ ಕಲ್ಲಿನಂಥ ಹಣ್ಣು ಇಡ್ಲಿ ಪಾತ್ರೆಯೊಳಗೆ ಮೆತ್ತಗಾಗಿ, ತಳದಲ್ಲಿ ಹೊಂಬಣ್ಣದ ನೀರು ಬಿಟ್ಟುಕೊಂಡಿತು. ಚಿಕ್ಕಂದಿನಲ್ಲಿ ಕೆಮ್ಮಿರುವಾಗ ಹಣ್ಣು ಮುಟ್ಟಿದರೆ ಅಮ್ಮ ಬೆನ್ನಿಗೆ ಬಾರಿಸುತ್ತಿದ್ದಳು, ಶೀತವೆಂದು. ಆ ಹಣ್ಣನ್ನು ಕದ್ದು ತಿನ್ನುವವಳ ಹಾಗೆಯೇ ತಿಂದೆ.

ಆಮೇಲೆ ದಿನವೂ ಅದೇ. ಕರಿದದ್ದು ಇಲ್ಲ, ಖಾರ ಇಲ್ಲ, ಕತ್ತಲಾದ ಕೂಡಲೇ ಮಲಗುವುದು, ಬೆಳಗಾಗುವ ಮುಂಚೆ ಏಳುವುದು. ಸಪ್ಪೆ ಸಾರು ಉಣ್ಣುತ್ತಾ ನಮ್ಮವರು, "ಕೆಮ್ಮು ನಿಂಗೆ, ಪಥ್ಯ ನಂಗಾ?" ಎಂದು ಗೊಣಗಿದರೂ ಕೋಣೆಯ ಗಾಳಿಗೆ ತೇವ ಕೊಡುವ ಒಂದು ಹ್ಯುಮಿಡಿಫೈಯರು ಕೊಂಡು ತಂದಿಟ್ಟರು. ಫಾರ್ಮಸಿಯಲ್ಲಿ ನನ್ನನ್ನು ಕೌಂಟರಿನಿಂದ ತೆಗೆದು ಹಿಂದೆ ಔಷಧಿ ಜೋಡಿಸುವ ಕೆಲಸಕ್ಕೆ ಹಾಕಿದರು, ಹಾಗಾಗಿ ಮಾತೂ ನಿಂತಿತು. ಗುಣ ಮಾಡಿದ್ದು ಪಿಯರ್ ಹಣ್ಣೋ, ಹ್ಯುಮಿಡಿಫೈಯರೋ, ಬಾಯಿ ಮುಚ್ಚಿಕೊಂಡಿದ್ದದ್ದೋ, ದೇವರಿಗೇ ಗೊತ್ತು. ನಮ್ಮವರು ಇವತ್ತಿಗೂ ಹ್ಯುಮಿಡಿಫೈಯರ್ ಎನ್ನುತ್ತಾರೆ.

ಮರ ಪೂರ್ತಿ ಬೋಳಾಗಿದ್ದ ಒಂದು ಬೆಳಿಗ್ಗೆ ಕಸದ ಲಾರಿಯ ಸದ್ದು ಕೇಳಿಸಿತು. "ರೀ, ಕಸದ ಡಬ್ಬ ಹೊರಗೆ ಇಟ್ರಾ ಇಲ್ವಾ?" ಎಂದು ಮಹಡಿಯಿಂದ ಕಿರುಚಿದೆ.

ನಮ್ಮವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿಬಂದರು. "ಬಂತು ಕಣೇ, ನಿನ್ನ ವಾಯ್ಸು ಬಂತು! ಇಷ್ಟು ದಿನ ಮನೇಲಿ ಎಷ್ಟು ಶಾಂತಿ ಇತ್ತು!"

ಕಸ ಅಲ್ಲೇ ಉಳಿಯಿತು. ನಾನು ಫೋನು ಹಚ್ಚಿದೆ. ಅತ್ತಿಗೆ ಅಮ್ಮನ ಕಿವಿಗೆ ಹಿಡಿದದ್ದು ಗೊತ್ತಾಯಿತು, ಅವಳ ಉಸಿರು ಕೇಳಿಸಿತು.

"ಅಮ್ಮಾ," ಎಂದೆ.



"ಬಂದ್ಯಾ ಮಗಾ?" ಎಂದಳು. "ಎಲ್ಲಿ ಹೋಗಿದ್ದಿ ಇಷ್ಟು ದಿನ? ಕಾಫಿ ಕುಡಿದ್ಯಾ?"

"ಇಲ್ಲೇ ಇದ್ದೆ ಅಮ್ಮ. ಕುಡಿದೆ."

ಅವಳು ದನಿ ತಗ್ಗಿಸಿದಳು, ಪಕ್ಕದಲ್ಲಿರುವವರಿಗೆ ಕೇಳಬಾರದು ಎಂಬಂತೆ. "ನೀನು ಇಲ್ಲದಾಗ ಒಬ್ಬಳು ಹೆಂಗಸು ಫೋನ್ ಮಾಡ್ತಿದ್ದಳು. ದಿನಾ. ಯಾರು ಅಂತ ಗೊತ್ತಾಗ್ಲಿಲ್ಲ. ಎಂತ ಕೆಮ್ಮು ಮಾರಾಯ್ತಿ ಅವಳಿಗೆ! ನಾನು ಬೈದು ಇಡ್ಲಿಕ್ಕೆ ಹೇಳಿದೆ. ಆಮೇಲೆ ಪಾಪ ಅನ್ನಿಸಿತು. ಒಂದು ಕಷಾಯ ಮಾಡಿಕೊಡುವವರೂ ಇಲ್ಲ ಅಂತ ಕಾಣ್ತದೆ. ನಿಂಗೆ ಎಲ್ಲಾದ್ರೂ ಸಿಕ್ಕಿದ್ರೆ ಹೇಳು ಆಯ್ತಾ? ಒಳ್ಳೆಮೆಣಸು, ಶುಂಠಿ ಜಜ್ಜಿ ಕುದಿಸಿ, ಬೆಲ್ಲ ಹಾಕಿ ಬಿಸಿಬಿಸಿ ಕುಡೀಲಿಕ್ಕೆ ಹೇಳು. ನಾನು ಹೇಳಿದ್ದು ಅಂತ ಹೇಳು."

"ಹೇಳ್ತೇನೆ ಅಮ್ಮ," ಎಂದೆ.

ಫೋನಿಟ್ಟು ಪಕ್ಕದ ಮನೆಯ ಬಾಗಿಲು ತಟ್ಟಿದೆ. ನನ್ನ ಒಳ್ಳೆಮೆಣಸಿನ ಬಾಟಲಿ ಬೇಕು ಎಂದೆ.

"ನೋ. ಸ್ಟಿಲ್ ಫಾಲ್," ಎಂದರು ಆಂಟಿ, ಬಾಗಿಲಿಗೆ ಅಡ್ಡ ನಿಂತು.

"ಮೈ ಮದರ್ ಸೆಡ್," ಎಂದೆ.

ಅವರು ನನ್ನ ದನಿ ಕೇಳಿದರು, ಮುಖ ನೋಡಿದರು. "ಮದರ್?"

"ಮದರ್."

ಒಳಗೆ ಹೋಗಿ ಬಾಟಲಿ ತಂದುಕೊಟ್ಟರು. ಹಿಂದೆಯೇ ಬಂದು ನಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ನಾನು ಒಳ್ಳೆಮೆಣಸು ಜಜ್ಜಿದೆ, ಹಸಿಶುಂಠಿ ಜಜ್ಜಿದೆ, ಬೆಲ್ಲ ಹಾಕಿದೆ. ಅಮ್ಮ ಹೇಳಿ ಕಳಿಸಿದ್ದು ಆ ಕೆಮ್ಮುವ ಹೆಂಗಸಿಗೆ. ಅವಳು ಅಳುತ್ತಾ ಒಂದು ತೊಟ್ಟೂ ಬಿಡದೆ ಕುಡಿದಳು.