ಸುಂಡಲ್ ಬರುವ ಮೊದಲೇ ನಿಲ್ಲುತ್ತಿದ್ದ ಹಾಡು

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರನ್ನು ಡಿಫ್ರಾಗ್ ಮಾಡುವುದು ನನ್ನ ಅಪ್ಪನಿಗೆ ಒಂದು ವ್ರತ. ಡಿಸ್ಕಿನ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದ ಫೈಲಿನ ಚೂರುಗಳನ್ನು ಒಟ್ಟುಗೂಡಿಸುವ ಆ ಕೆಲಸವನ್ನು ಕಂಪ್ಯೂಟರ್ ತಾನೇ ಮಾಡಿಕೊಳ್ಳುತ್ತದೆ. ಆದರೂ ಅಪ್ಪ ಎದುರಿಗೆ ಕುರ್ಚಿ ಎಳೆದುಕೊಂಡು, ಪರದೆಯ ಮೇಲೆ ಬಣ್ಣದ ಚೌಕಗಳು ಸಾಲಾಗಿ ಕೂರುವುದನ್ನು ಬೇರೆಯವರು ಕ್ರಿಕೆಟ್ ನೋಡುವ ಹಾಗೆ ನೋಡುತ್ತಿದ್ದರು. ಚೆನ್ನೈನ ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನಲ್ಲಿ ಆ ಹೊತ್ತು ಅಮ್ಮ ಮಿಕ್ಸಿ ಹಾಕುವಂತಿರಲಿಲ್ಲ.

ಅಂಥವರ ಕೈಗೆ ಹಾರ್ಡ್ ಡಿಸ್ಕ್ ಇರುವ ಮ್ಯೂಸಿಕ್ ಪ್ಲೇಯರ್ ಸಿಕ್ಕಿತು. ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಅದಕ್ಕೆ ತುಂಬಿದರು. ಅವುಗಳಲ್ಲಿ ಒಂದು, ಐದು ವರ್ಷದವಳಿದ್ದಾಗ ನಾನು ನವರಾತ್ರಿಯಲ್ಲಿ ಪಕ್ಕದ ಮನೆಯ ಮಾಮಿಯ ಗೊಂಬೆಗಳ ಮುಂದೆ ಹಾಡಿದ ದೇವರನಾಮ. ಗೊಂಬೆ ನೋಡಲು ಹೋದ ಮಕ್ಕಳು ಹಾಡಿದರೇ ಸುಂಡಲ್, ಅಂದರೆ ಕಡಲೆ ಉಸಲಿ, ಸಿಗುವುದು. ನಾನು ಎರಡನೆಯ ಚರಣದಲ್ಲಿ ಹಾಡು ನಿಲ್ಲಿಸಿ, ಸುಂಡಲ್ ಯಾವಾಗ ಕೊಡುತ್ತೀರಿ ಎಂದು ತಮಿಳಿನಲ್ಲಿ ಕೇಳಿಬಿಟ್ಟಿದ್ದೆ. ಆಮೇಲೆ ಅಮ್ಮ ತೊಡೆ ಚಿವುಟಿದ್ದಕ್ಕೆ ನಾನು ಗೋಳೋ ಎಂದು ಅತ್ತದ್ದೂ ಟೇಪಿನಲ್ಲಿತ್ತು.

ಮನೆಗೆ ಬಂದವರಿಗೆಲ್ಲ ಅಪ್ಪ ಅದನ್ನು ಸ್ಪೀಕರಿಗೆ ಹಾಕಿ ಕೇಳಿಸುತ್ತಿದ್ದರು. ನನ್ನ ಪುಣ್ಯಕ್ಕೆ, ಎರಡನೆಯ ಚರಣ ಬರುವಷ್ಟರಲ್ಲಿ ಪ್ಲೇಯರ್ ಬಿಕ್ಕಳಿಕೆ ಬಂದವರಂತೆ ತಡವರಿಸಿ ನಿಂತುಬಿಡುತ್ತಿತ್ತು. ಆ ಯಂತ್ರದ ಮೇಲೆ ನನಗೆ ಒಡಹುಟ್ಟಿದವರ ಮೇಲೂ ಇಲ್ಲದಷ್ಟು ಪ್ರೀತಿ ಹುಟ್ಟಿತು.

ಒಂದು ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಿಂದಿನ ದಿನ ಅಪ್ಪ ಪ್ಲೇಯರನ್ನು ಕಂಪ್ಯೂಟರಿಗೆ ಸಿಕ್ಕಿಸಿದರು.

"ಇದನ್ನೂ ಒಂದ್ಸಲ ಡಿಫ್ರಾಗ್ ಮಾಡ್ಬಿಟ್ರೆ ನಿನ್ ಹಾಡು ಪೂರ್ತಿ ಬರುತ್ತೆ ಕಣೇ."

"ಅಯ್ಯೋ ಅಪ್ಪಾ, ಅದು ಸೇಫ್ ಅಲ್ಲ! ಪುಟ್ಟ ಡಿಸ್ಕು, ಬಿಸಿಯಾಗಿ ಕೆಟ್ಟೋಗುತ್ತೆ. ಮಧ್ಯದಲ್ಲಿ ಕರೆಂಟ್ ಹೋದ್ರೆ ಹಾಡೆಲ್ಲಾ ಗೋವಿಂದ."

"ಯುಪಿಎಸ್ ಇದೆ, ಪ್ಲೇಯರ್ ಫುಲ್ ಚಾರ್ಜ್ ಆಗಿದೆ, ಎಲ್ಲಾ ಸೀಡಿಗೆ ಕಾಪಿ ಮಾಡಿಟ್ಟಿದೀನಿ. ಇನ್ನೇನು ಭಯ ನಿಂಗೆ?"

ನನ್ನ ಭಯ ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ. ಬಿಸಿಯ ಮಾತು ಕೇಳಿ ಅಪ್ಪ ಟೇಬಲ್ ಫ್ಯಾನ್ ತಂದು ಪ್ಲೇಯರಿನ ಕಡೆಗೆ ತಿರುಗಿಸಿದರು. ಅಮ್ಮ ಬೆವರು ಒರೆಸಿಕೊಳ್ಳುತ್ತಾ, "ಮನುಷ್ಯರಿಗಿಲ್ಲದ ಉಪಚಾರ ಇದಕ್ಕೆ" ಎಂದು ಗೊಣಗಿದಳು. ಬೇಸಿಗೆಯಿಡೀ ಶಪಿಸಿದ್ದ, ಯುಪಿಎಸ್ಸನ್ನೂ ಸೋಲಿಸುವಂಥ ಪವರ್ ಕಟ್‌ಗಾಗಿ ನಾನು ಅಂದು ದೇವರಿಗೆ ಹರಕೆ ಹೊತ್ತೆ. ಹಾಳಾದ್ದು, ಅಂದು ಮಾತ್ರ ಕರೆಂಟ್ ಹೋಗಲಿಲ್ಲ.

ಭಾನುವಾರ ಕೇಸರಿಬಾತು, ಉಪ್ಪಿಟ್ಟು ಮುಗಿದು ಕಾಫಿ ಬಂದಾಗ ಅಪ್ಪ ಬಟನ್ ಒತ್ತಿದರು. ಹಾಡು ಬೆಣ್ಣೆಯಂತೆ ಸಾಗಿತು. ಎರಡನೆಯ ಚರಣ ಬಂತು, ತಡವರಿಸಲಿಲ್ಲ.

"ಮಾಮಿ, ಸುಂಡಲ್ ಎಪ್ಪೊ ತರುವೀಂಗ?"

ಹಿಂದೆಯೇ ಗೋಳೋ. ಹುಡುಗನ ತಾಯಿಗೆ ನಕ್ಕೂ ನಕ್ಕೂ ಕಾಫಿ ನೆತ್ತಿಗೇರಿತು. ಅಲ್ಲಿಯವರೆಗೆ ಫ್ಯಾನನ್ನೇ ನೋಡುತ್ತಿದ್ದ ಹುಡುಗ ಮೊದಲ ಸಲ ನನ್ನ ಕಡೆ ತಿರುಗಿ, "ಈಗ್ಲೂ ಹೀಗೇ ಕೇಳ್ತೀರಾ?" ಎಂದ.

"ಹಸಿವಾದ್ರೆ ಕೇಳ್ತೀನಿ," ಎಂದೆ. ಗಂಡಿನ ಕಡೆಯವರು ಅಲ್ಲೇ ಒಪ್ಪಿಗೆ ಎಂದು ಹೇಳಿ ಹೋದರು.

ಅವರು ಮೆಟ್ಟಿಲಿಳಿದದ್ದೇ ತಡ, ನಾನು ಅಪ್ಪನ ಮೇಲೆ ಹರಿಹಾಯ್ದೆ. "ಮರ್ಯಾದೆ ತೆಗೆದ್ರಲ್ಲಪ್ಪಾ! ಹಾಡಿನ ತನಕ ಕೇಳ್ಸಿದ್ರೆ ಸಾಕಾಗ್ತಿರ್ಲಿಲ್ವಾ?"

ಅಪ್ಪ ಪ್ಲೇಯರಿನ ವೈರು ಸುತ್ತಿಡುತ್ತಾ ಹೇಳಿದರು: "ಹಾಡು ಯಾರ್ ಬೇಕಾದ್ರೂ ಹಾಡ್ತಾರೆ ಕಣಮ್ಮ. ನೀನು ಗಂಡನ ಮನೆಗೆ ಹೋದ್ಮೇಲೆ ನಂಗೆ ಬೇಕಾಗೋದು ಅದರ ಮುಂದಿಂದು."

ಜಗಳಕ್ಕೆಂದು ತೆರೆದ ಬಾಯಿಂದ ಅಳು ಬಂತು, ಥೇಟು ಟೇಪಿನಲ್ಲಿದ್ದ ಹಾಗೇ.